ಹಳೇ ಬಿಎಂಡಬ್ಲ್ಯು 3.0 ಸಿಎಸ್ ಒಳ್ಳೆಯದಾ, ಹೊಸ ಎಂ2 ಒಳ್ಳೆಯದಾ?

ಔಂಧ್, ಪುಣೆ: ಎಲ್ಲರಿಗೂ ನಮಸ್ಕಾರ. ಬಹಳ ವರ್ಷ ಇಟ್ಟುಕೊಳ್ಳೋಕೆ ಅಂತ ಒಂದು ಜರ್ಮನ್ ಕೂಪೆ, ಅಂದರೆ ಎರಡು ಬಾಗಿಲ ಕಾರು, ತಗೋಬೇಕು. ಗೋವಾದ ಮಾಪ್ಸಾದಲ್ಲಿ 1973ರ ಬಿಎಂಡಬ್ಲ್ಯು 3.0 ಸಿಎಸ್ ಮಾರಾಟಕ್ಕಿದೆ. ಹೆಚ್ಚುಕಡಿಮೆ ಅದೇ ದುಡ್ಡಿಗೆ ಬಿಎಂಡಬ್ಲ್ಯುದೇ ಹೊಸ ಎಂ2 ಬರುತ್ತೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಕೊಥ್ರೂಡ್, ಪುಣೆ: ಸರ್, ನಮ್ಮ ಮನೆಯಲ್ಲಿ 3.0 ಸಿಎಸ್ ಇದೆ, ನಮ್ಮ ಭಾವನ ಹತ್ತಿರ ಎಂ2 ಇದೆ. ಎರಡನ್ನೂ ಓಡಿಸಿದ್ದೇನೆ. ಹಳೇದರಲ್ಲಿ ಮೊದಲು ಎಂಜಿನ್ ನೋಡಬೇಡಿ, ಬಾಡಿ ನೋಡಿ. ಅದನ್ನು ಕಟ್ಟಿದ್ದು ಕಾರ್ಮನ್ ಕಂಪನಿ. ಕಿಟಕಿಗಳ ನಡುವೆ ಕಂಬವೇ ಇಲ್ಲ, ನಾಲ್ಕೂ ಗಾಜು ಇಳಿಸಿದರೆ ಅದರ ಚಂದವೇ ಬೇರೆ. ಆದರೆ ಬೇಗ ತುಕ್ಕು ಹಿಡಿಯುತ್ತೆ. ಅದರ ಮೇಲೆ ಗೋವಾದ ಉಪ್ಪುಗಾಳಿ, ಮಳೆ ಬೇರೆ. ಬಾನೆಟ್ ಎತ್ತಿ, ಮುಂದಿನ ಶಾಕ್ ಅಬ್ಸಾರ್ಬರ್ ಮೇಲೆ ಬಂದು ಸೇರುವ ಜಾಗಕ್ಕೆ ಟಾರ್ಚ್ ಬಿಡಿ. ಪೇಂಟ್ ಗುಳ್ಳೆ ಎದ್ದಿದೆಯಾ ನೋಡಿ. ಬಾಗಿಲ ಕೆಳಗಿನ ಪಟ್ಟಿಗೆ ತೆಳು ಬಟ್ಟೆ ಸುತ್ತಿದ ಮ್ಯಾಗ್ನೆಟ್ ಇಡಿ. ಜಾರಿ ಬಿದ್ದರೆ ಅಲ್ಲಿರೋದು ತಗಡಲ್ಲ, ಪುಟ್ಟಿ. ಕಾರ್ಪೆಟ್ ಎತ್ತೋಕೆ ಬಿಡದಿದ್ದರೆ ವಾಪಸ್ ಬಂದುಬಿಡಿ. ಟಿಂಕರಿಂಗ್ ಖರ್ಚು ಎಂಜಿನ್ ಖರ್ಚಿಗಿಂತ ಜಾಸ್ತಿ ಆಗುತ್ತೆ.

ಎಂಜಿನ್ ಮಾತ್ರ ಗಟ್ಟಿ. 2986 ಸಿಸಿ, ಸಾಲಾಗಿ ಆರು ಸಿಲಿಂಡರ್, 180 ಕುದುರೆ ಶಕ್ತಿ. ಬ್ಲಾಕ್ ಬೀಡುಕಬ್ಬಿಣದ್ದು, ಹೆಡ್ ಅಲ್ಯುಮಿನಿಯಂ. ಜಾಸ್ತಿ ಕಾದರೆ ಹೆಡ್ ಸೊಟ್ಟಗಾಗುತ್ತೆ, ಹಾಗಾಗಿ ಟ್ರಾಫಿಕ್‌ನಲ್ಲಿ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ. ಶೇ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ನಾವು ಹಳೇ ಪೆಟ್ರೋಲ್ ಪೈಪುಗಳನ್ನೆಲ್ಲ ಎಥೆನಾಲ್ ತಾಳುವ ರಬ್ಬರಿಗೆ ಬದಲಾಯಿಸಿದೆವು. ಇದನ್ನು ಮುಂದೂಡಬೇಡಿ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಕಾರೇ ಇರೋದಿಲ್ಲ.

ಎಂ2 ಕೂಡ 2993 ಸಿಸಿ, ಸಾಲಾಗಿ ಆರು ಸಿಲಿಂಡರ್. ಆದರೆ ಎರಡು ಟರ್ಬೊ ಇರೋದರಿಂದ 2023ರಲ್ಲಿ ಇಲ್ಲಿಗೆ ಬಂದಾಗಲೇ 460 ಕುದುರೆ ಶಕ್ತಿ ಇತ್ತು. ಖಂಡಾಲಾ ಘಾಟಿನಲ್ಲಿ ಆಕ್ಸಿಲರೇಟರ್ ಮೇಲೆ ಸುಮ್ನೆ ಕಾಲಿಟ್ಟರೆ ಸಾಕು. ಜೋಡಣೆ ಆಗೋದು ಮೆಕ್ಸಿಕೋದಲ್ಲಿ, ಜರ್ಮನಿಯದ್ದೇ ಬೇಕು ಅನ್ನುವವರಿಗೆ ಇದು ಗೊತ್ತಿರಲಿ. ಇಟ್ಟುಕೊಳ್ಳೋಕೆ ಅಂತಾದರೆ ಮ್ಯಾನುಯಲ್ ಗೇರ್ ಇರೋದನ್ನೇ ತಗೊಳ್ಳಿ.

ಬಾಡಿ ಗಟ್ಟಿಯಿದ್ದರೆ ನನ್ನ ಮತ 3.0 ಸಿಎಸ್‌ಗೆ. ಅಂಥದ್ದು ಮತ್ತೆ ಸಿಗೋದು ಕಷ್ಟ. ಎಂ2 ಮುಂದಿನ ವರ್ಷವೂ ಸಿಗುತ್ತೆ, ಅಲ್ವಾ?

ಮಾಟುಂಗ, ಮುಂಬೈ: ಸರ್, ದುಡ್ಡು ಕೊಡೋ ಮುಂಚೆ ಆರ್‌ಸಿ ಚಾಲ್ತಿಯಲ್ಲಿದೆಯಾ, ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ತಾಳೆ ಆಗುತ್ತಾ ನೋಡಿ. ಆ ಕಾಲದ ಎಷ್ಟೋ ಕಾರುಗಳಿಗೆ ಆಮೇಲೆ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. 50 ವರ್ಷ ದಾಟಿದ ಕಾರು ಮೂಲ ರೂಪದಲ್ಲಿದ್ದರೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಬರುತ್ತೆ. ಆದರೆ ಆಮೇಲೆ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥದ್ದಕ್ಕೆ ಮಾತ್ರ. ಭಾನುವಾರ ಲೋಣಾವಳಕ್ಕೆ ಹೋಗಿ ಬರುವ ಆಸೆಯಿದ್ದರೆ ಈಗಿರುವ ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಳ್ಳಿ.

ಮಡಗಾಂವ್, ಗೋವಾ: ಅಣ್ಣಾ, ಕಾರು ನೋಡೋಕೆ ಮಳೆಗಾಲದಲ್ಲೇ ಬನ್ನಿ. ಬಾಗಿಲ ರಬ್ಬರ್ ಎಲ್ಲೆಲ್ಲಿ ಸೋರುತ್ತೆ ಅಂತ ಆಗಲೇ ಗೊತ್ತಾಗೋದು. ಹೊರಡೋ ಮುಂಚೆ ಒಂದು ಮೆಸೇಜ್ ಹಾಕಿ, ಜಾಕ್ ತಗೊಂಡು ನಾನೂ ಮಾಪ್ಸಾಕ್ಕೆ ಬರ್ತೀನಿ. ಕೆಳಗೆ ಮಲಗಿ ಇಬ್ಬರೂ ನೋಡೋಣ.