ಫಿಟ್ಸ್ ಮಾತ್ರೆ ಗಾಬರಿಗೂ ಯಾಕೆ?

ಡೊಂಬಿವಲಿ ಅಕ್ಕ: ಲೋಕಲ್ ರೈಲು ಹತ್ತಿದರೆ ಸಾಕು, ನನ್ನ ತಮ್ಮನಿಗೆ ಎದೆ ಡವಡವ, ಉಸಿರು ಕಟ್ಟಿದ ಹಾಗೆ. ಇಸಿಜಿ ಸರಿ ಇದೆ. ಪ್ಯಾನಿಕ್, ಅಂದರೆ ತಟ್ಟನೆ ಬರುವ ಗಾಬರಿಯ ಕಾಯಿಲೆ ಅಂತ ಹೇಳಿ ಡಾಕ್ಟರು ಎಸ್ಸಿಟಲೋಪ್ರಾಮ್, ಕ್ಲೋನಜೆಪಾಮ್ ಬರೆದಿದ್ದಾರೆ. ನಮ್ಮ ಅತ್ತೆ ಫಿಟ್ಸ್‌ಗೆ ತೆಗೆದುಕೊಳ್ಳುವುದೂ ಕ್ಲೋನಜೆಪಾಮೇ. ಇವನಿಗೆ ಫಿಟ್ಸ್ ಇಲ್ಲವಲ್ಲ?

ಠಾಣೆ ಫಾರ್ಮಸಿಸ್ಟ್: ಹೆದರಬೇಡಿ ಅಕ್ಕಾ. ಮಿದುಳಿನ ನರಗಳನ್ನು ಶಾಂತ ಮಾಡುವ ಗಾಬಾ ಎಂಬ ರಾಸಾಯನಿಕಕ್ಕೆ ಈ ಮಾತ್ರೆ ಬಲ ಕೊಡುತ್ತದೆ. ಹಾಗಾಗಿ ಫಿಟ್ಸೂ ತಗ್ಗುತ್ತದೆ, ಗಾಬರಿಯೂ ತಗ್ಗುತ್ತದೆ. ಅಮೆರಿಕದಲ್ಲಿ ಫಿಟ್ಸ್‌ಗೆ 1975ರಲ್ಲಿ, ಪ್ಯಾನಿಕ್‌ಗೆ 1997ರಲ್ಲಿ ಒಪ್ಪಿಗೆ ಸಿಕ್ಕಿತು.

ಮಾಟುಂಗಾ ಮಾವ: ಇದು ಚಟ ಹಿಡಿಸುವ ಮಾತ್ರೆ ತಾಯಿ. ಇವತ್ತೇ ನಿಲ್ಲಿಸಿಬಿಡಿ. ಪ್ರಾಣಾಯಾಮ ಮಾಡಿಸಿ.

ಠಾಣೆ ಫಾರ್ಮಸಿಸ್ಟ್: ಮಾವ, ಚಟದ ಮಾತು ನಿಜ. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಕ್ಲೋನಜೆಪಾಮ್ ಸೇರಿದ ಬೆಂಜೊಡಯಜೆಪೀನ್ ಗುಂಪಿನ ಎಲ್ಲ ಮಾತ್ರೆಗಳಿಗೂ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಆದರೆ ಕೆಲವು ವಾರ ತೆಗೆದುಕೊಂಡವರು ತಟ್ಟನೆ ನಿಲ್ಲಿಸಿದರೆ, ಹಿಂದೆ ಫಿಟ್ಸ್ ಬಾರದವರಿಗೂ ಬರಬಹುದು. ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ದಯವಿಟ್ಟು ‘ಇವತ್ತೇ ನಿಲ್ಲಿಸಿ’ ಅನ್ನಬೇಡಿ.

ಮಾಟುಂಗಾ ಮಾವ: ಸರಿ, ಆ ಮಾತು ಹಿಂದಕ್ಕೆ. ಆದರೆ ನಮ್ಮ ಪಕ್ಕದ ಮನೆಯವರು ಅದೇ ಹಳೇ ಚೀಟಿಯಲ್ಲಿ ವರ್ಷಗಟ್ಟಲೆ ನುಂಗುತ್ತಿದ್ದಾರೆ. ಸಾಕಾ, ಬೇಕಾ ಅಂತ ಕೇಳುವವರೇ ಇಲ್ಲ. ಇದು ಯಾರ ತಪ್ಪು?

ವಾಶಿ ನರ್ಸ್: ಆ ಸಿಟ್ಟು ನ್ಯಾಯವಾದದ್ದು. ಪ್ಯಾನಿಕ್‌ಗೆ ಜಾಸ್ತಿ ದಿನ ನಂಬಿಕೊಳ್ಳುವುದು ಎಸ್ಸಿಟಲೋಪ್ರಾಮ್ ಥರದ್ದನ್ನು. ಅದರ ಗುಣ ಕಾಣಲು ಕೆಲವು ವಾರ ಬೇಕು. ಅಲ್ಲಿಯವರೆಗೆ ತಡೆದುಕೊಳ್ಳಲು ಕ್ಲೋನಜೆಪಾಮ್ ಅಷ್ಟೇ. ಪ್ಯಾನಿಕ್‌ಗೆ ಮಾತುಕತೆಯ ಚಿಕಿತ್ಸೆಯೂ ಚೆನ್ನಾಗಿ ಕೆಲಸ ಮಾಡುತ್ತದೆ, ಅದನ್ನೂ ಕೇಳಿ. ಅತ್ತೆಯವರ ಲೆಕ್ಕ ಬೇರೆ. ಅವರು ಒಂದು ಹೊತ್ತೂ ತಪ್ಪಿಸಬಾರದು. ಕೆಲವರಿಗೆ ತಿಂಗಳುಗಳಲ್ಲಿ ಫಿಟ್ಸ್ ಮೇಲಿನ ಹಿಡಿತ ಸಡಿಲವಾಗುತ್ತದೆ, ಹಾಗಾದರೆ ತಕ್ಷಣ ತೋರಿಸಿ. ವಯಸ್ಸಾದವರು ತೂಕಡಿಸಿ ಬೀಳುತ್ತಾರೆ, ರಾತ್ರಿ ಬಾತ್‌ರೂಮಿನ ದೀಪ ಹಾಕಿಡಿ. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡಲೇಬೇಡಿ.

ಡೊಂಬಿವಲಿ ಅಕ್ಕ: ತಮ್ಮ ಸ್ಟೇಷನ್ನಿಂದ ಮನೆಗೆ ಬೈಕಲ್ಲಿ ಬರುತ್ತಾನೆ. ಶನಿವಾರ ಗೆಳೆಯರ ಜೊತೆ ಬಿಯರೂ ಇರುತ್ತದೆ.

ವಾಶಿ ನರ್ಸ್: ಬಿಯರ್ ಪೂರ್ತಿ ಬಿಡಬೇಕು ಅಕ್ಕಾ. ಎರಡೂ ಸೇರಿದರೆ ಉಸಿರಾಟವೇ ಕುಗ್ಗಬಹುದು. ಮಂಪರು ಎಷ್ಟು ಬರುತ್ತದೆ ಅಂತ ಗೊತ್ತಾಗುವವರೆಗೆ ರಿಕ್ಷಾದಲ್ಲಿ ಬರಲಿ. ಮಾತ್ರೆಯ ಪ್ರಭಾವ ಒಂದು ದಿನಕ್ಕಿಂತ ಜಾಸ್ತಿ ಮೈಯಲ್ಲಿರುತ್ತದೆ.

ಮಾಟುಂಗಾ ಮಾವ: ನನ್ನದು ಒಂದೇ ಹಟ. ಯಾವಾಗಿಂದ ಇಳಿಸಬೇಕು ಅನ್ನೋದನ್ನೂ ಡಾಕ್ಟರ್ ಚೀಟಿಯಲ್ಲೇ ಬರೆಯಲಿ. ಮುಂದಿನ ಸಲ ಹೋದಾಗ ಕೇಳಿ ಬರೆಸಿಕೊಳ್ಳಿ ತಾಯಿ.