ಇಂಟರ್‌ಫೆರಾನ್ ಗ್ರಾಹಕವನ್ನು 'ಬಂಧಿಸುತ್ತದೆ': ಈ ಬಂಧಿಸು ಸರೀನಾ?

ಎಲ್ರಿಗೂ ನಮಸ್ಕಾರ. ಒಂದು ಕ್ರಿಯಾಪದ ವಾರದಿಂದ ತಲೆ ತಿಂತಾ ಇದೆ, ನೀವೆಲ್ಲ ಏನಂತೀರಾ ನೋಡೋಣ ಅಂತ ಬರೀತಿದೀನಿ.

ನಮ್ಮ ಚಿಕ್ಕಮ್ಮಂಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರಗಳ ಕಾಯಿಲೆ, ಇಂಟರ್‌ಫೆರಾನ್ ಬೀಟಾ ಇಂಜೆಕ್ಷನ್ ತಗೋತಾರೆ. ಇಂಟರ್‌ಫೆರಾನ್ ಅಂದ್ರೆ ವೈರಸ್ ಬಂದಾಗ ದೇಹವೇ ಮಾಡ್ಕೊಳ್ಳೋ ಒಂದು ಪ್ರೋಟೀನ್. ತಗೊಂಡ ರಾತ್ರಿ ಚಳಿ, ಜ್ವರ, ಮೈಕೈ ನೋವು. 'ಇದು ಒಳಗೆ ಹೋಗಿ ಮಾಡೋದಾದ್ರೂ ಏನೋ, ಕನ್ನಡದಲ್ಲಿ ಬರ್ಕೊಡು' ಅಂದ್ರು. ನಾನು ಪಠ್ಯಪುಸ್ತಕದ ಧಾಟೀಲಿ 'ಇಂಟರ್‌ಫೆರಾನ್ ಜೀವಕೋಶದ ಮೇಲಿನ ಗ್ರಾಹಕಗಳನ್ನು ಬಂಧಿಸುತ್ತದೆ' ಅಂತ ಶುರು ಮಾಡಿದೆ. ಗ್ರಾಹಕ ಅಂದ್ರೆ ಇಲ್ಲಿ ರಿಸೆಪ್ಟರ್, ಹೊರಗಿಂದ ಬರೋ ಸುದ್ದಿ ಹಿಡಿಯೋ ಪ್ರೋಟೀನ್. ಚಿಕ್ಕಪ್ಪಂದು ದಿನಸಿ ಅಂಗಡಿ, ಆ ಮನೇಲಿ ಗ್ರಾಹಕ ಅಂದ್ರೆ ಒಂದೇ ಅರ್ಥ. ಚಿಕ್ಕಮ್ಮ ಕನ್ನಡಕ ಏರಿಸಿ ಓದಿ 'ಗ್ರಾಹಕರನ್ನ ಯಾಕೋ ಬಂಧಿಸ್ತಾರೆ, ಉದ್ರಿ ಉಳಿಸ್ಕೊಂಡಿದಾರಾ?' ಅಂದ್ರು.

ಗ್ರಾಹಕ ಬಿಟ್ಟು ಗ್ರಾಹಿ ಅಂದ್ರೆ ಅರ್ಧ ತಾಪತ್ರಯ ಮುಗೀತು, ಅದರ ಬಗ್ಗೆ ಜಗಳ ಬೇಡ. ನನ್ನ ತಕರಾರು ಬಂಧಿಸು ಮೇಲೆ. ಕೆಲವರು 'ಗ್ರಾಹಿಗೆ ಬಂಧಿಸುತ್ತದೆ' ಅಂತಾನೂ ಬರೀತಾರೆ, ಅದಂತೂ ಇಂಗ್ಲಿಷಿನ 'ಬೈಂಡ್ಸ್ ಟು' ವಿಭಕ್ತೀನ ಹಾಗೇ ಎತ್ಕೊಂಡು ಬಂದು ಇಟ್ಟಿದ್ದು, ಕನ್ನಡದಲ್ಲಿ ಯಾರನ್ನಾದ್ರೂ ಬಂಧಿಸ್ತೀವೇ ಹೊರತು ಯಾರಿಗೂ ಬಂಧಿಸಲ್ಲ. ಜತೆಗೆ ಹೈಸ್ಕೂಲ್ ಕೆಮಿಸ್ಟ್ರಿ ಓದಿದವರಿಗೆ ಬಂಧ ಅಂದ ತಕ್ಷಣ ತಲೆಗೆ ಬರೋದು ಎಲೆಕ್ಟ್ರಾನ್ ಹಂಚ್ಕೊಂಡಿರೋ ಗಟ್ಟಿ ಬಂಧ. ಇಲ್ಲಿರೋದು ಅದಲ್ಲ. ಎರಡು ಪ್ರೋಟೀನ್‌ಗಳ ಮೈಯ ಉಬ್ಬುತಗ್ಗು ಒಂದಕ್ಕೊಂದು ಹೊಂದಿ, ಪ್ಲಸ್ಸು ಮೈನಸ್ಸು ಸೆಳೆದು, ನೀರಿಗೆ ಆಗದ ಭಾಗಗಳು ಒಂದರ ಪಕ್ಕ ಒಂದು ಒತ್ತಿ ಕೂತು ಆಗೋ ಹಿಡಿತ ಅಷ್ಟೇ, ಕೂಡುತ್ತೆ, ಬಿಡುತ್ತೆ, ಮತ್ತೆ ಕೂಡುತ್ತೆ.

ಅಂಟಿಕೊಳ್ಳು ಅನ್ನೋಣ ಅಂದ್ರೆ ವಿಭಕ್ತಿ ಸರಿಹೋಗುತ್ತೆ, ಅರ್ಥ ಸಡಿಲ. ಹಲಸಿನ ಅಂಟು ಕೈಗೂ ಅಂಟುತ್ತೆ, ಚಾಕುಗೂ ಅಂಟುತ್ತೆ. ಇಂಟರ್‌ಫೆರಾನ್ ಹಂಗಲ್ಲ, ಅದರಲ್ಲಿ ಬಗೆಗಳಿವೆ: ಆಲ್ಫಾ ಬೀಟಾಗೆ ಒಂದು ಜೋಡಿ ಗ್ರಾಹಿ, ಗಾಮಾಗೆ ಬೇರೆ ಜೋಡಿ, 2003ರಲ್ಲಿ ಗೊತ್ತಾದ ಲ್ಯಾಂಬ್ಡಾಗೆ ಇನ್ನೊಂದು ಜೋಡಿ, ಒಬ್ಬರ ಮನೆಗೆ ಇನ್ನೊಬ್ಬರು ಹೋಗಲ್ಲ.

ಎಲ್ಲರೂ ಕೊಡೋ ಬೀಗ ಮತ್ತು ಬೀಗದ ಕೈ ಹೋಲಿಕೆಯೂ ನಂಗೆ ಒಗ್ಗಲಿಲ್ಲ. ಬೀಗ ಅಂದ್ರೆ ಒಂದೇ. ಇಲ್ಲಿ ಬೀಟಾಗೆ ಎರಡು ಗ್ರಾಹಿ ಬೇಕು, ಹೆಸರು ಐಎಫ್‌ಎನ್‌ಎಆರ್-1 ಮತ್ತು 2. ಸಾಮಾನ್ಯವಾಗಿ ಮೊದಲು ಹಿಡಿಯೋದು ಎರಡನೇದು, ಬಿಗಿಯಾಗಿ. ಆಮೇಲೆ ಅದೇ ಪೊರೆ ಮೇಲೆ ತೇಲಾಡ್ತಾ ಇರೋ ಒಂದನೇದು ಬಂದು ಇನ್ನೊಂದು ಮಗ್ಗುಲಿಂದ ಹಿಡಿಯುತ್ತೆ, ಇದರದ್ದು ಸಡಿಲ. ಸಡಿಲ ಅಂದ್ರೆ ಎಷ್ಟು ಅಂತ ಕೇಳಿದ್ರೆ, ಆಲ್ಫಾ ಬಗೆಯ ಆಲ್ಫಾ-2 ತಗೊಂಡ್ರೆ ಎರಡನೇ ಗ್ರಾಹಿಯ ಹಿಡಿತ ನ್ಯಾನೊಮೋಲಾರ್ ಲೆಕ್ಕದಲ್ಲಿ, ಒಂದನೇದು ಮೈಕ್ರೊಮೋಲಾರ್ ಲೆಕ್ಕದಲ್ಲಿ (ಅರ್ಧದಷ್ಟು ಗ್ರಾಹಿ ತುಂಬೋಕೆ ಬೇಕಾದ ಸಾಂದ್ರತೆ ಇದು, ಕಮ್ಮಿ ಇದ್ದಷ್ಟೂ ಹಿಡಿತ ಬಿಗಿ), ಸುಮಾರು ಸಾವಿರ ಪಟ್ಟು ವ್ಯತ್ಯಾಸ. ಚಿಕ್ಕಮ್ಮ ತಗೊಳ್ಳೋ ಬೀಟಾನ ಎರಡೂ ಆಲ್ಫಾ-2ಕ್ಕಿಂತ ಬಿಗಿಯಾಗೇ ಹಿಡಿಯುತ್ವೆ.

ಎರಡು ಗ್ರಾಹಿ ಹತ್ರ ಬಂದಿದ್ದೇ ಇಲ್ಲಿ ಮುಖ್ಯ, ಯಾವ ಕೈಯೂ ಯಾವ ಬೀಗದಲ್ಲೂ ತಿರುಗಲ್ಲ. ಇಂಟರ್‌ಫೆರಾನ್ ಜೀವಕೋಶದ ಒಳಕ್ಕೆ ಹೋಗಿ ಸುದ್ದಿ ಮುಟ್ಟಿಸಬೇಕಾಗೂ ಇಲ್ಲ. ಹೊರಗೆ ನಿಂತು ಸಂಬಂಧ ಕುದುರಿಸೋ ಮಧ್ಯಸ್ತಗಾರನ ಥರ ಎರಡನ್ನೂ ಸೇರಿಸುತ್ತೆ, ಒಳಗೆ ಅವುಗಳ ಬಾಲಕ್ಕೆ ಕೂತಿರೋ ಜಾಕ್-1, ಟಿಕ್-2 ಅನ್ನೋ ಕಿಣ್ವಗಳು ಎದುರುಬದುರಾಗಿ ಫಾಸ್ಫೇಟ್ ಹಚ್ಚೋಕೆ ಶುರು ಮಾಡ್ತವೆ, ಅಲ್ಲಿಂದ ಸ್ಟಾಟ್-1, ಸ್ಟಾಟ್-2 ಅನ್ನೋ ಪ್ರೋಟೀನ್‌ಗಳು ಇನ್ನೊಂದು ಪ್ರೋಟೀನನ್ನ ಜತೆಗೆ ಕಟ್ಕೊಂಡು ಕೋಶಕೇಂದ್ರಕ್ಕೆ ಹೋಗಿ ನೂರಾರು ಜೀನ್ ಎಬ್ಬಿಸ್ತವೆ. ಫ್ಲೂ ಬಂದಾಗ ದೇಹ ತಾನೇ ಇಂಟರ್‌ಫೆರಾನ್ ಮಾಡ್ಕೊಳ್ಳುತ್ತಲ್ಲ, ಆಗಿನ ಮೈಕೈ ನೋವಲ್ಲೂ ಅದರದ್ದೊಂದು ಪಾಲಿರುತ್ತೆ, ಹಾಗಾಗಿ ಚಿಕ್ಕಮ್ಮನ ರಾತ್ರಿ ಜ್ವರ ನೆಗಡಿ ಇಲ್ದೇ ಇರೋ ಫ್ಲೂ ಅನ್ನಬಹುದು.

ಇಷ್ಟೆಲ್ಲಾ ಓದಿದ ಮೇಲೆ ಅನ್ನಿಸಿದ್ದು, ನಾವು ಕರ್ತೃವನ್ನೇ ತಪ್ಪಾಗಿ ಹಿಡಿದಿದೀವಿ. ಗ್ರಾಹಿ ಅನ್ನೋ ಮಾತಲ್ಲೇ ಹಿಡಿಯೋದು ಇದೆ, ಹಿಡಿಯೋ ಕೆಲ್ಸ ಅದಕ್ಕೇ ಬಿಟ್ರೆ ವಾಕ್ಯ ತಾನಾಗೇ ನಿಲ್ಲುತ್ತೆ: 'ಜೀವಕೋಶದ ಮೇಲಿನ ಎರಡು ಗ್ರಾಹಿಗಳು ಸೇರಿ ಇಂಟರ್‌ಫೆರಾನನ್ನು ಹಿಡಿಯುತ್ತವೆ.' ಹಿಡಿ ಅಂದ್ರೆ ಬಿಡು ಕೂಡ ಜತೆಗೇ ಬರುತ್ತೆ, ಅಫಿನಿಟಿಗೆ ಹಿಡಿತ ಅಂತ ಪುಕ್ಕಟೆ ಸಿಗುತ್ತೆ, ಹಿಡಿತ ಬಿಗಿ, ಹಿಡಿತ ಸಡಿಲ. ಆಕರ್ಷಣಾ ಸಾಮರ್ಥ್ಯ ಅಂತೆಲ್ಲ ತಿಣುಕಬೇಕಾಗಿಲ್ಲ.

ಹೆಸರನ್ನೂ ಕನ್ನಡ ಮಾಡಿ ಅಂತ ಯಾರಾದ್ರೂ ಹೇಳೋ ಮುಂಚೆ: 1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಕಾಯಿಸಿ ಕೆಡಿಸಿದ ಫ್ಲೂ ವೈರಸ್ಸನ್ನ ಕೋಳಿಮೊಟ್ಟೆಯೊಳಗಿನ ಪೊರೆ ಜತೆ ಇಟ್ಟಾಗ, ಮುಂದೆ ಬರೋ ವೈರಸ್ಸಿಗೆ ಅಡ್ಡಿ ಮಾಡೋ ಏನೋ ಒಂದು ಹೊರಬಂತು, ಅಡ್ಡಿ ಮಾಡಿದ್ದಕ್ಕೇ ಆ ಹೆಸರು. ಅದು ಅಂಕಿತನಾಮದ ಥರ, ಹಾಗೇ ಇರ್ಲಿ.

ಈಗ ನಿಜವಾದ ಪ್ರಶ್ನೆ. ಲೂಪಸ್‌ಗೆ (ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೈಮೇಲೇ ಬೀಳೋ ಕಾಯಿಲೆ) ಅನಿಫ್ರೊಲುಮ್ಯಾಬ್ ಅಂತ ಒಂದು ಔಷಧಿ ಇದೆ, ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಅದು ಒಂದನೇ ಗ್ರಾಹಿ ಮೇಲೇ ಹೋಗಿ ಕೂತು ಇಂಟರ್‌ಫೆರಾನಿಗೆ ಜಾಗ ಬಿಡಲ್ಲ, ತಾನೂ ಸುದ್ದಿ ಕಳಿಸಲ್ಲ. ಇಲ್ಲಿ 'ಗ್ರಾಹಿ ಔಷಧಿಯನ್ನು ಹಿಡಿಯುತ್ತದೆ' ಅಂದ್ರೆ ಓದೋರಿಗೆ ಕೆಲ್ಸ ಶುರುವಾಯ್ತು ಅನ್ನಿಸಿಬಿಡುತ್ತೆ. 'ಔಷಧಿ ಗ್ರಾಹಿಗೆ ಅಡ್ಡ ಕೂರುತ್ತದೆ' ಅನ್ನಬಹುದಾ, ಇಲ್ಲ ನಿಮ್ಮ ಕಡೆ ಇದಕ್ಕಿಂತ ಬಿಗಿಯಾದ ಮಾತೇನಾದ್ರೂ ಇದೆಯಾ?