ಸಹಾಯ ಬೇಕು: ಆನ್ಸಿಬಲ್‌ನಲ್ಲಿ (ಹಲವು ಸರ್ವರ್‌ಗಳಿಗೆ ಒಟ್ಟಿಗೆ ಕೆಲಸ ಹೇಳುವ ಟೂಲ್) ತಪ್ಪು ಸರ್ವರ್‌ಗಳನ್ನು ನಿಲ್ಲಿಸದಂತೆ ತಡೆಯುವುದು ಹೇಗೆ?

‘ಲಿಮಿಟ್’ (ಯಾವ ಸರ್ವರ್‌ಗಳಿಗೆ ಮಾತ್ರ ಎಂಬ ಮಿತಿ) ಕೊಡಲು ಮರೆತರೆ ಪ್ಲೇಬುಕ್ (ಮಾಡಬೇಕಾದ ಕೆಲಸಗಳ ಫೈಲ್) ಇಡೀ ಗುಂಪಿನ ಮೇಲೆ ಓಡುತ್ತದೆ. ಅದಕ್ಕೆ ಮೊದಲ ಟಾಸ್ಕ್‌ನಲ್ಲೇ ‘ಅಸರ್ಟ್’ (ಷರತ್ತು ಸರಿಯಿಲ್ಲದಿದ್ದರೆ ಓಟ ನಿಲ್ಲಿಸುವ ತಪಾಸಣೆ) ಇದೆ, ‘ಸೀರಿಯಲ್’ 1, ಅಂದರೆ ಒಮ್ಮೆಗೆ ಒಂದೇ ಸರ್ವರ್. ಆದರೆ ಗುಂಪಿನ ಹೆಸರೇ ತಪ್ಪಾಗಿ ಇನ್ನೊಂದು ಗುಂಪಿನ ಹೆಸರು ಟೈಪಾದರೆ ಇವು ತಡೆಯುವುದಿಲ್ಲ, ಏಕೆಂದರೆ ಕಮಾಂಡ್ ಪ್ರತಿ ಸರ್ವರ್‌ನಲ್ಲೂ ಯಶಸ್ವಿಯಾಗಿಯೇ ಮುಗಿಯುತ್ತದೆ. 2017ರ ಫೆಬ್ರವರಿ 28ರಂದು ಅಮೆಜಾನ್ ಎಸ್3 (ಕ್ಲೌಡ್ ಸಂಗ್ರಹ ಸೇವೆ) ಕುಸಿದದ್ದೂ ಕಮಾಂಡ್‌ಗೆ ತಪ್ಪು ಇನ್‌ಪುಟ್ ಕೊಟ್ಟದ್ದರಿಂದ. ಆಮೇಲೆ ಕನಿಷ್ಠ ಸಾಮರ್ಥ್ಯಕ್ಕಿಂತ ಕೆಳಗಿಳಿಯಲು ಬಿಡದ ತಡೆಯನ್ನು ಟೂಲ್‌ಗೇ ಸೇರಿಸಿದರು.

ನಮಗೂ ಅಂಥದ್ದೇ ಬೇಕು. ಪ್ರತಿ ಬ್ಯಾಚ್‌ಗೆ ಮುನ್ನ ಲೋಡ್ ಬ್ಯಾಲೆನ್ಸರ್‌ನಲ್ಲಿ (ಬರುವ ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವ ವ್ಯವಸ್ಥೆ) ಕೆಲಸ ಮಾಡುತ್ತಿರುವ ಸರ್ವರ್‌ಗಳನ್ನು ಎಣಿಸಿ, ಮಿತಿ ಮುಟ್ಟಿದರೆ ನಿಲ್ಲಬೇಕು. ತೊಡಕು ಇಲ್ಲಿದೆ: ಇಬ್ಬರು ಒಟ್ಟಿಗೆ ಓಡಿಸಿದರೆ ಇಬ್ಬರಿಗೂ ಒಂದೇ ಎಣಿಕೆ ಸಿಕ್ಕಿ, ಇಬ್ಬರೂ ಮುಂದುವರಿಯುತ್ತಾರೆ. ಒಮ್ಮೆಗೆ ಒಬ್ಬರೇ ಓಡಿಸುವಂತೆ ತಡೆಯುವ ಲಾಕ್ ಎಲ್ಲಿಡುವುದು ಒಳ್ಳೆಯದು, ಕನ್ಸಲ್‌ನಲ್ಲೋ (ಸರ್ವರ್‌ಗಳು ಹಂಚಿಕೊಳ್ಳುವ ಮಾಹಿತಿ ಇಡುವ ಟೂಲ್) ಡೇಟಾಬೇಸ್‌ನಲ್ಲೋ? ಓಟ ಅರ್ಧಕ್ಕೆ ಸತ್ತರೆ ಲಾಕ್ ಬಿಡಿಸುವುದು ಹೇಗೆ? “ಖಚಿತವೇ?” ಎಂದು ಕೇಳಿಸುವ ಸಲಹೆ ದಯವಿಟ್ಟು ಬೇಡ, ನಾಲ್ಕು ದಿನಕ್ಕೇ ಕೈ ಓದದೆ ಒತ್ತಿಬಿಡುತ್ತದೆ.